ಬೇಸಿಗೆ ರಜೆಗೊಂದು ಸಂಶೋಧನೆ: ಎಲ್ಲಿ ಹುಡುಕುವುದು, ಹೇಗೆ ಆರಂಭಿಸುವುದು

ಪರೀಕ್ಷೆ ಮುಗಿದ ಮರುದಿನ ಹುಡುಕಲು ಕುಳಿತರೆ ತಡವಾಗಿರುತ್ತದೆ. ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಪ್ರಯೋಗಾಲಯಕ್ಕೆ ಸೇರಿಸಿಕೊಳ್ಳುವ ಹೆಸರಾಂತ ಕಾರ್ಯಕ್ರಮಗಳ ಅರ್ಜಿಯ ಗಡುವು ಸಾಮಾನ್ಯವಾಗಿ ರಜೆಗೆ ನಾಲ್ಕಾರು ತಿಂಗಳ ಮೊದಲೇ ಮುಗಿದಿರುತ್ತದೆ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಆಯ್ಕೆಯಾದವರು ಮಾತ್ರ ಸಂಶೋಧನೆ ಮಾಡಬಹುದು ಎಂಬುದು ತಪ್ಪು ತಿಳಿವಳಿಕೆ. ಹುಡುಕಾಟ ಶುರುವಾಗಬೇಕಾದದ್ದು ಕಾರ್ಯಕ್ರಮಗಳ ಪಟ್ಟಿಯಿಂದಲ್ಲ, ನಿಮ್ಮದೇ ಆದ ಒಂದು ಪ್ರಶ್ನೆಯಿಂದ.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

‘ನನಗೆ ಜೀವವಿಜ್ಞಾನ ಇಷ್ಟ’ ಎಂಬುದು ಪ್ರಶ್ನೆಯಲ್ಲ. ‘ಇರುವೆಗಳು ಹೇಗೆ ಬದುಕುತ್ತವೆ’ ಎಂಬುದು ಪ್ರಶ್ನೆಯೇನೋ ಹೌದು, ಆದರೆ ಆರು ವಾರಗಳ ರಜೆಗೆ ಬಹಳ ದೊಡ್ಡದು. ಒಂದು ತೊಟ್ಟು ಸಕ್ಕರೆ ನೀರನ್ನು ನೆರಳಿನಲ್ಲಿಟ್ಟರೆ ಮೊದಲ ಇರುವೆ ಎಷ್ಟು ನಿಮಿಷಕ್ಕೆ ಬರುತ್ತದೆ, ಬಿಸಿಲಿನಲ್ಲಿಟ್ಟರೆ ಎಷ್ಟು ನಿಮಿಷಕ್ಕೆ? ಇದು ಕೈಗೆ ಸಿಗುವ ಪ್ರಶ್ನೆ. ಅಳೆಯಬಹುದು, ಮತ್ತೆ ಮತ್ತೆ ಮಾಡಿ ನೋಡಬಹುದು. ಉತ್ತರ ನಿಮ್ಮ ಊಹೆಗೆ ವಿರುದ್ಧವಾಗಿ ಬರಲೂಬಹುದು. ಈ ಕೊನೆಯ ಗುಣ ಇಲ್ಲದ ಪ್ರಶ್ನೆಯನ್ನು ಬಿಟ್ಟು ಬೇರೊಂದನ್ನು ಹಿಡಿಯಿರಿ.

ಚಿಕ್ಕ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಎಮಿಲಿ ರೋಸಾ ಸಾಕ್ಷಿ. ಮೈ ಮುಟ್ಟದೆಯೇ, ದೇಹದ ಸುತ್ತಲಿನ ‘ಶಕ್ತಿ’ಯನ್ನು ಅಂಗೈಯಿಂದ ಗ್ರಹಿಸಿ ರೋಗ ಗುಣಪಡಿಸುತ್ತೇವೆ ಎನ್ನುವ ಚಿಕಿತ್ಸಕರ ಬಗ್ಗೆ ಒಂಬತ್ತು ವರ್ಷದ ಈ ಹುಡುಗಿಗೆ ಕುತೂಹಲ ಹುಟ್ಟಿತು. ಶಾಲೆಯ ವಿಜ್ಞಾನ ಮೇಳಕ್ಕೆಂದು ರಟ್ಟಿನ ಅಡ್ಡತಡಿಕೆಯೊಂದನ್ನು ನಿಲ್ಲಿಸಿ, ಅದರ ತೂತುಗಳಲ್ಲಿ ಎರಡೂ ಕೈ ತೂರಿಸಿ ಅಂಗೈ ಮೇಲಾಗಿಸಿ ಇಡುವಂತೆ ಚಿಕಿತ್ಸಕರಿಗೆ ಹೇಳಿದಳು. ನಾಣ್ಯ ಚಿಮ್ಮಿ, ಅದು ಹೇಳಿದಂತೆ ಅವರ ಎಡ ಅಥವಾ ಬಲ ಅಂಗೈಯ ಮೇಲೆ ಕೆಲವೇ ಸೆಂಟಿಮೀಟರ್ ಎತ್ತರದಲ್ಲಿ ತನ್ನ ಕೈ ಹಿಡಿದಳು. ‘ನನ್ನ ಕೈ ಯಾವ ಕಡೆ ಇದೆ?’ ಪ್ರಶ್ನೆ ಅಷ್ಟೇ. 21 ಚಿಕಿತ್ಸಕರು, 280 ಯತ್ನಗಳು, 123 ಸರಿಯುತ್ತರ, ಅಂದರೆ 44%. ಕಣ್ಣು ಮುಚ್ಚಿ ಊಹಿಸಿದ್ದರೂ ಅರ್ಧದಷ್ಟು ಸರಿಯಾಗಬೇಕಿತ್ತು. 1998ರಲ್ಲಿ, ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ, ಈ ಫಲಿತಾಂಶ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಪಕರಣವೆಂದು ಇದ್ದದ್ದು ರಟ್ಟು ಮತ್ತು ನಾಣ್ಯ. ಎಡವೋ ಬಲವೋ ಎಂಬ ತೀರ್ಮಾನವನ್ನು ತನ್ನ ಮನಸ್ಸಿಗೆ ಬಿಡದೆ ನಾಣ್ಯಕ್ಕೆ ಬಿಟ್ಟದ್ದನ್ನು ವಿಶೇಷವಾಗಿ ಗಮನಿಸಿ.

2. ನೋಟ್‌ಬುಕ್ ತೆರೆಯಿರಿ

ಮೊಬೈಲ್ ಸಾಲದೇ ಎಂದು ಕೇಳಬೇಡಿ; ಪುಟಗಳಿಗೆ ಸಂಖ್ಯೆ ಹಾಕಿದ, ಹೊಲಿದ ನೋಟ್‌ಬುಕ್ ಬೇಕು. ದಿನಾಂಕ, ಸಮಯ, ಹವಾಮಾನ, ಮಾಡಿದ್ದು, ಕಂಡದ್ದು. ‘ಬೆಳಿಗ್ಗೆ 7.40, ಮೋಡ. ನೆರಳಿನ ತೊಟ್ಟಿಗೆ ಮೊದಲ ಇರುವೆ 11ನೇ ನಿಮಿಷಕ್ಕೆ. ಬಿಸಿಲಿನ ತೊಟ್ಟು 20ನೇ ನಿಮಿಷಕ್ಕೆ ಒಣಗಿಹೋಯಿತು, ಇರುವೆ ಬರಲಿಲ್ಲ.’ ಈ ಎರಡು ಸಾಲಿನಲ್ಲೇ ಪ್ರಯೋಗದ ದೋಷ ಬಯಲಾಗಿದೆ: ನೀರು ಆರುವುದೇ ಇಲ್ಲಿ ಬೇರೊಂದು ಕಾರಣವಾಗಿ ನುಸುಳಿದೆ. ನಾಳೆ ಹತ್ತಿಯಲ್ಲಿ ಅದ್ದಿ ಇಡಬೇಕು. ತಪ್ಪಿದ ಅಳತೆಯನ್ನು ಒಂದು ಗೆರೆ ಎಳೆದು ಹೊಡೆದುಹಾಕಿ, ಅಳಿಸಬೇಡಿ. ಎರಡು ವಾರಗಳ ಇಂಥ ಟಿಪ್ಪಣಿ ನಿಮ್ಮ ಬಳಿ ಇದ್ದರೆ ಮುಂದಿನ ಹೆಜ್ಜೆಗಳೆಲ್ಲ ಹಗುರ.

3. ನಡೆಯುತ್ತಿರುವ ಸಂಶೋಧನೆಗೆ ಕೈಜೋಡಿಸಿ

ಅರ್ಜಿ, ಶುಲ್ಕ, ಆಯ್ಕೆ ಯಾವುದೂ ಇಲ್ಲದೆ ಇಂದೇ ಸೇರಬಹುದಾದದ್ದು ನಾಗರಿಕ ವಿಜ್ಞಾನ, ಅಂದರೆ ವಿಜ್ಞಾನಿಗಳ ಸಂಶೋಧನೆಗೆ ಜನಸಾಮಾನ್ಯರು ಸ್ವಯಂಸೇವಕರಾಗಿ ನೆರವಾಗುವ ಕೆಲಸ. ಝೂನಿವರ್ಸ್ ಜಾಲತಾಣದಲ್ಲಿ ಗೆಲಾಕ್ಸಿಗಳ ಆಕಾರ ಗುರುತಿಸುವುದರಿಂದ ಹಿಡಿದು ಕಾಡಿನ ಕ್ಯಾಮೆರಾಗಳಲ್ಲಿ ಸೆರೆಯಾದ ಪ್ರಾಣಿಗಳನ್ನು ಎಣಿಸುವವರೆಗೆ ಹತ್ತಾರು ಯೋಜನೆಗಳಿವೆ. ಕಂಡ ಹಕ್ಕಿಗಳನ್ನು ದಾಖಲಿಸಲು ಇ-ಬರ್ಡ್ ಇದೆ; ಗಿಡ, ಹುಳು, ಅಣಬೆಗಳಿಗೆ ಐ-ನ್ಯಾಚುರಲಿಸ್ಟ್. ಸೂರ್ಯನ ಸನಿಹ ಸುಳಿಯುವ ಧೂಮಕೇತುಗಳನ್ನು ಸೋಹೋ ಬಾಹ್ಯಾಕಾಶ ವೀಕ್ಷಣಾಲಯದ ಚಿತ್ರಗಳಲ್ಲಿ ಹುಡುಕುವ ಯೋಜನೆಯೂ ಇದೆ. ಸೋಹೋದ 5,000ನೇ ಧೂಮಕೇತು 2024ರ ಮಾರ್ಚ್‌ನಲ್ಲಿ ಸಿಕ್ಕಿತು. ಅದನ್ನು ಗುರುತಿಸಿದ ಸಂಶೋಧನಾ ವಿದ್ಯಾರ್ಥಿ ತನ್ನ ಹದಿಮೂರನೇ ವಯಸ್ಸಿನಿಂದಲೇ ಈ ಹುಡುಕಾಟದಲ್ಲಿ ತೊಡಗಿದ್ದವರು.

ಇದನ್ನು ಬರೀ ಕ್ಲಿಕ್ ಮಾಡುವ ಕೆಲಸವೆಂದು ಕಡೆಗಣಿಸಬಾರದು. 2019ರ ಬೇಸಿಗೆಯಲ್ಲಿ ಹದಿನೇಳರ ವುಲ್ಫ್ ಕುಕಿಯರ್ ನಾಸಾದ ಗೊಡಾರ್ಡ್ ಕೇಂದ್ರಕ್ಕೆ ಇಂಟರ್ನ್ ಆಗಿ ಬಂದ. ಬೇರೆ ನಕ್ಷತ್ರಗಳ ಗ್ರಹಗಳನ್ನು ಹುಡುಕುವ ಟೆಸ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಲ್ಲಿ, ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರಗಳೆಂದು ಸ್ವಯಂಸೇವಕರು ಗುರುತು ಹಾಕಿಟ್ಟಿದ್ದವುಗಳನ್ನು ಪರಿಶೀಲಿಸುವುದು ಅವನ ಕೆಲಸ. ಮೂರನೇ ದಿನವೇ, ಎರಡು ಸೂರ್ಯರನ್ನು ಸುತ್ತುವ ಗ್ರಹವೊಂದರ ಸುಳಿವು ಸಿಕ್ಕಿತು. ಆ ಗ್ರಹದ ಹೆಸರು ಟಿಒಐ 1338 ಬಿ. ಮನೆಯಲ್ಲಿ ಕುಳಿತು ಗುರುತು ಹಾಕಿದವರ ಶ್ರಮದ ಮೇಲೆಯೇ ಆ ಶೋಧ ನಿಂತಿದೆ.

4. ವಿಜ್ಞಾನಿಗೆ ಪತ್ರ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲಿ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಿ, ‘ನಿಮ್ಮ ಮಹತ್ವದ ಸಂಶೋಧನೆಯಿಂದ ಪ್ರೇರಿತನಾಗಿದ್ದೇನೆ’ ಎಂದು ಬರೆದರೆ ಉತ್ತರ ಬರುವುದು ಕಷ್ಟ. ಗೂಗಲ್ ಸ್ಕಾಲರ್‌ನಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರದ ಪ್ರಬಂಧಗಳನ್ನು ಹುಡುಕಿ. ಪೂರ್ತಿ ಅರ್ಥವಾಗದಿದ್ದರೆ ಅಂಜಬೇಡಿ. ಸಾರಾಂಶ, ಚಿತ್ರಗಳು, ಕೊನೆಯ ಭಾಗ ಓದಿದರೆ ಆರಂಭಕ್ಕೆ ಸಾಕು. ಆಮೇಲೆ ಹೀಗೆ ಬರೆಯಿರಿ:

‘ಮಾನ್ಯರೇ, ನಾನು ಹತ್ತನೇ ತರಗತಿಯ ವಿದ್ಯಾರ್ಥಿನಿ. ಸಂಜೆ ಹೊತ್ತಿಗೆ ಇರುವೆಗಳ ಓಡಾಟ ಕಡಿಮೆಯಾಗುವುದನ್ನು ನಿಮ್ಮ ಪ್ರಬಂಧದ ಮೂರನೇ ಚಿತ್ರದಲ್ಲಿ ತೋರಿಸಿದ್ದೀರಿ. ನಾನು 14 ದಿನ ಎಣಿಸಿದಾಗಲೂ ಹಾಗೆಯೇ ಕಂಡಿತು, ಆದರೆ ಮಳೆಯ ಮರುದಿನ ಮೂರು ಬಾರಿಯೂ ಹೆಚ್ಚಾಯಿತು. ನನ್ನ ಎಣಿಕೆಯ ಕ್ರಮದಲ್ಲಿ ತಪ್ಪಿದೆಯೇ? ಕೋಷ್ಟಕ ಲಗತ್ತಿಸಿದ್ದೇನೆ. ಬೇಸಿಗೆಯಲ್ಲಿ ನಿಮ್ಮ ಪ್ರಯೋಗಾಲಯದಲ್ಲಿ ವಾರಕ್ಕೆ ಎರಡು ದಿನ ಕಲಿಯಲು ಸಾಧ್ಯವೇ?’

ಅಷ್ಟು ಸಾಕು. ಕೆಲಸದ ತುಣುಕೊಂದು ಕಣ್ಣಿಗೆ ಬಿದ್ದರೆ ಓದುವವರಿಗೂ ಉತ್ತರಿಸಲು ಏನಾದರೂ ಸಿಗುತ್ತದೆ. ಪ್ರಾಧ್ಯಾಪಕರಿಗೆ ಪುರುಸೊತ್ತಿಲ್ಲದಿದ್ದರೆ ಅವರ ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಕೇಳಿ, ದಿನದ ಕೆಲಸ ಕಲಿಸಿಕೊಡುವವರು ಬಹುಪಾಲು ಅವರೇ. ಹತ್ತು ದಿನ ಕಾದು ಒಮ್ಮೆ ನೆನಪಿಸಿ, ಮತ್ತೆ ಪೀಡಿಸಬೇಡಿ. ಪತ್ರ ವ್ಯವಹಾರ ಪೋಷಕರಿಗೋ ಶಿಕ್ಷಕರಿಗೋ ಗೊತ್ತಿರಲಿ, ಮೊದಲ ಭೇಟಿಗೆ ಅವರಲ್ಲೊಬ್ಬರು ಜೊತೆಗಿರಲಿ.

5. ಕಾರ್ಯಕ್ರಮಗಳಿಗೆ ಅರ್ಜಿ

1984ರಿಂದ ನಡೆಯುತ್ತಿರುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಎಂಬ ಬೇಸಿಗೆ ಕಾರ್ಯಕ್ರಮ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ. ಆಯ್ಕೆಯಾದವರಿಗೆ ಬೋಧನೆ, ವಸತಿ, ಊಟ ಉಚಿತ. ಯುರೋಪಿನ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್ 2014ರಿಂದ ಪ್ರೌಢಶಾಲಾ ತಂಡಗಳಿಗೆ ಸ್ಪರ್ಧೆ ನಡೆಸಿ, ಗೆದ್ದವರಿಗೆ ನಿಜವಾದ ಕಣಪುಂಜದಲ್ಲಿ ತಮ್ಮ ಪ್ರಯೋಗ ಮಾಡಲು ಬಿಡುತ್ತದೆ. ಇವೆರಡಕ್ಕೂ ಪೈಪೋಟಿ ತೀವ್ರ. ಹತ್ತಿರದ ವಿಶ್ವವಿದ್ಯಾಲಯ, ವಸ್ತು ಸಂಗ್ರಹಾಲಯ, ತಾರಾಲಯ, ಸಸ್ಯೋದ್ಯಾನಗಳ ಶಿಬಿರಗಳನ್ನೂ ವಿಚಾರಿಸಿ.

ಭಾರಿ ಶುಲ್ಕ ಪಡೆದು ‘ಪ್ರಬಂಧ ಪ್ರಕಟಣೆ ಖಚಿತ’ ಎನ್ನುವವರ ವಿಷಯದಲ್ಲಿ ನನಗೆ ಕಳವಳವಿದೆ. ಪ್ರಕಟಣೆಯನ್ನು ಮೊದಲೇ ಖಚಿತಪಡಿಸಲು ಪ್ರಾಮಾಣಿಕ ಜರ್ನಲ್‌ಗೆ ಸಾಧ್ಯವಿಲ್ಲ. ಹಣ ಕಟ್ಟುವ ಮೊದಲು ಮೂರು ಸಂಗತಿ ಕೇಳಿ: ಮಾರ್ಗದರ್ಶಕರು ಯಾರು, ವಾರಕ್ಕೆ ಎಷ್ಟು ಗಂಟೆ ಜೊತೆಗಿರುತ್ತಾರೆ, ಹಿಂದಿನ ವರ್ಷದ ವಿದ್ಯಾರ್ಥಿಗಳ ವರದಿ ನೋಡಬಹುದೇ? ಉತ್ತರ ತೇಲಿಸಿದರೆ ಅಲ್ಲಿಗೆ ಬಿಡಿ. ಶುಲ್ಕ ವಿನಾಯಿತಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

6. ಅನುಮತಿ ಮೊದಲು, ಪ್ರಯೋಗ ಆಮೇಲೆ

ಮನುಷ್ಯರ ಸಮೀಕ್ಷೆ, ಕಶೇರುಕ ಪ್ರಾಣಿಗಳು, ರೋಗಾಣುಗಳು ನಿಮ್ಮ ವಿಷಯವಾಗಿದ್ದರೆ ಶಿಕ್ಷಕರ ಮೂಲಕ ಮೊದಲೇ ಒಪ್ಪಿಗೆ ಪಡೆಯಿರಿ. ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ ಐಸೆಫ್‌ನ ನಿಯಮವೂ ಇದೇ: ಇಂಥ ಪ್ರಯೋಗಕ್ಕೆ ಆರಂಭಿಸುವ ಮುನ್ನವೇ ಅನುಮೋದನೆ ಇರಬೇಕು, ಮುಗಿದ ಮೇಲೆ ಪಡೆದದ್ದು ನಡೆಯುವುದಿಲ್ಲ.

ರಜೆಯ ಕೊನೆಯ ವಾರವನ್ನು ಬರವಣಿಗೆಗೆಂದೇ ಬಿಡಿ. ಪ್ರಶ್ನೆ, ವಿಧಾನ, ಅಳತೆಗಳ ಕೋಷ್ಟಕ, ಒಂದು ನಕ್ಷೆ, ಹೊಂದಿಕೆಯಾಗದ ಸಂಗತಿಗಳು; ಐದಾರು ಪುಟ ಆದೀತು. ಪತ್ರಕ್ಕೆ ಉತ್ತರಿಸಿದ ವಿಜ್ಞಾನಿಗೆ ಅದರ ಪ್ರತಿ ಕಳುಹಿಸಿ. ‘ಈಗ ಆಗುವುದಿಲ್ಲ’ ಎಂದಷ್ಟೇ ಬರೆದಿದ್ದವರಿಗೂ ಒಂದು ಪ್ರತಿ ಹೋಗಲಿ, ಮುಂದಿನ ಬೇಸಿಗೆಗೆ ಅವರ ಬಳಿ ಜಾಗ ಇರಬಹುದು.