ಬಾಕ್ಸ್ ಡಿಸೈನ್ ವೆಬ್‌ಸೈಟ್ ಮಾಡಿಸುತ್ತಿದ್ದೀರಾ? ಮೊದಲು ಬಾಕ್ಸ್ ಕೊಳ್ಳುವವರ ಕೈಗೆ ಕೊಡಿ

ರಟ್ಟಿನ ಬಾಕ್ಸ್ ಡಿಸೈನ್ ಮಾಡಿ ಅಲ್ಲೇ ರೇಟ್ ತೋರಿಸುವ ವೆಬ್‌ಸೈಟ್ ಮಾಡಿಸುತ್ತಿರುವವರಿಗೆ ಒಂದು ಮಾತು. ಎಲ್ಲರಿಗೂ ತೆರೆದಿಡುವ ಮುಂಚೆ ಅದನ್ನು ನಿಜವಾಗಿ ಬಾಕ್ಸ್ ಕೊಳ್ಳುವವರಿಗೆ ಕೊಟ್ಟು, ಪಕ್ಕದಲ್ಲಿ ಸುಮ್ನೆ ಕೂತು ನೋಡಿ.

ಮಂಡ್ಯದಲ್ಲಿ ಬೆಲ್ಲ ಪ್ಯಾಕ್ ಮಾಡಿ ಮಾರುವ ಅಕ್ಕ ಒಬ್ಬರಿಗೆ ಅವರ ಮೊಬೈಲ್‌ನಲ್ಲೇ ನಮ್ಮ ಇಂಥದ್ದೇ ವೆಬ್‌ಸೈಟನ್ನು ತೆರೆದು ಕೊಟ್ಟೆ. "ಒಂದು ಕೆಜಿ ಅಚ್ಚು ಬೆಲ್ಲ ಹಿಡಿಯೋ ಬಾಕ್ಸ್, 500 ಬೇಕು. ರೇಟ್ ನೋಡಿ ಅಕ್ಕ" ಅಂದೆ, ಅಷ್ಟೇ. ಅವರು ಇಂಚು ಅಂದುಕೊಂಡು ಅಳತೆ ಜಾಗದಲ್ಲಿ 8, 6, 4 ಎಂದು ಒತ್ತಿದರು. ನಮ್ಮ ಫಾರಂ ಇದ್ದದ್ದು ಮಿಲಿಮೀಟರ್‌ನಲ್ಲಿ! ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬಾಕ್ಸಿಗೂ ಅದು ರೇಟ್ ಕೊಟ್ಟುಬಿಟ್ಟಿತು. ಆಮೇಲೆ ಅಕ್ಕ ಕೇಳಿದರು, "ಇದು ಒಳಗಿನ ಅಳತೆನೋ, ಹೊರಗಿನದೋ?" ಅದಕ್ಕೆ ಎಲ್ಲೂ ಉತ್ತರ ಇರಲಿಲ್ಲ. ರಟ್ಟಿನ ದಪ್ಪದಷ್ಟು ವ್ಯತ್ಯಾಸ ಬಂದರೂ ಅಚ್ಚು ಒಳಗೆ ಕೂರುವುದಿಲ್ಲ. ಈಗ ಇಂಚನ್ನೇ ಮೊದಲು ಇಟ್ಟಿದ್ದೇವೆ, ಪಕ್ಕದಲ್ಲಿ "ಒಳಗಿನ ಅಳತೆ" ಎಂದು ದೊಡ್ಡದಾಗಿ ಬರೆದಿದ್ದೇವೆ.

ಅವರು ತಡವರಿಸಿದಾಗ ಬೆರಳು ತೋರಿಸಬೇಡಿ. ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟ, ಆದರೂ ಇರಿ. "ಈಗ ಏನು ಹುಡುಕ್ತಿದ್ದೀರಿ?" ಎಂದಷ್ಟೇ ಕೇಳಿ. ಕೊನೆಗೆ ಬಂದ ರೇಟಿನಲ್ಲಿ ಜಿಎಸ್‌ಟಿ, ಸಾಗಣೆ, ಪ್ರಿಂಟಿಂಗ್ ಸೇರಿದೆಯಾ ಇಲ್ಲವಾ ಅಂತ ಅವರ ಬಾಯಲ್ಲೇ ಹೇಳಿಸಿ.

ಜಾಸ್ತಿ ಜನ ಬೇಕಿಲ್ಲ. ಒಂದು ಸಲದ ಪರೀಕ್ಷೆಗೆ ಐದು ಜನ ಸಾಕು ಎಂದು ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ತಿದ್ದಿ, ಮತ್ತೆ ಹೊಸ ಐದು ಜನರಿಗೆ ಕೊಡಿ. ಮೈಸೂರಿನಲ್ಲಿ ಅಗರಬತ್ತಿ, ಸ್ವೀಟ್ ಮಾಡುವವರು ಬೇಕಾದಷ್ಟು ಇದ್ದಾರೆ ಅಲ್ವಾ, ಅವರನ್ನೇ ಕೇಳಿ. ಅರ್ಧ ಗಂಟೆ ಸಾಕು, ಆದರೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ.