ಟ್ಯಾಂಕ್ ಸಿಮ್ಯುಲೇಟರ್: ದೂರದ ನೋಟ ಕೆಡದಂತೆ ಆಟವನ್ನು ಹಗುರ ಮಾಡುವುದು ಹೇಗೆ?

ನಿಜವಾದ ಟ್ಯಾಂಕ್ ನಡೆಸಿದ ಅನುಭವ ಕೊಡುವ ಕಂಪ್ಯೂಟರ್ ಆಟ, ಅಂದರೆ ಟ್ಯಾಂಕ್ ಸಿಮ್ಯುಲೇಟರ್, ತಡವರಿಸತೊಡಗಿದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಸೆಟ್ಟಿಂಗ್ ತೆರೆದು ಎಲ್ಲವನ್ನೂ ‘ಲೋ’ಗೆ ಇಳಿಸಿಬಿಡುತ್ತಾರೆ. ಆಟವೇನೋ ಸರಾಗವಾಗುತ್ತದೆ, ಆದರೆ ಅಲ್ಲಿಂದ ಮುಂದೆ ಹಾರಿಸಿದ ಗುಂಡು ಗುರಿ ಮುಟ್ಟುವುದಿಲ್ಲ. ಕಾಣದ ಕಡೆಯಿಂದ ಬಂದ ಗುಂಡಿಗೆ ತಮ್ಮ ಟ್ಯಾಂಕೇ ಹೊತ್ತಿ ಉರಿಯುತ್ತದೆ. ‘ಇದು ತೀರಾ ಕಷ್ಟದ ಆಟ’ ಎಂದು ಕೈಬಿಟ್ಟ ಎಷ್ಟೋ ಜನರನ್ನು ಕಂಡಿದ್ದೇನೆ. ಟ್ಯಾಂಕ್ ಕಾಳಗ ಎಷ್ಟೋ ಬಾರಿ ನಡೆಯುವುದು ಸಾವಿರ, ಎರಡು ಸಾವಿರ ಮೀಟರ್ ದೂರದಲ್ಲಿ. ಆ ದೂರವನ್ನೇ ಅವರು ಪರದೆಯಿಂದ ಅಳಿಸಿಬಿಟ್ಟಿರುತ್ತಾರೆ.

1. ಅಳೆಯುವ ಜಾಗ ಸರಿಯಾಗಿರಲಿ. ಫ್ರೇಮ್ ಎಣಿಕೆಯನ್ನು (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಅಂಕಿ) ಪರದೆಯ ಮೂಲೆಯಲ್ಲಿ ತೋರಿಸಿಕೊಳ್ಳಿ. ಖಾಲಿ ಬಯಲಲ್ಲಿ ನಿಂತು ಸಿಕ್ಕ ಅಂಕಿಯನ್ನು ನಂಬಬೇಡಿ. ಹತ್ತಾರು ಟ್ಯಾಂಕ್‌ಗಳಿರುವ ಕಾರ್ಯಾಚರಣೆಯೊಂದನ್ನು ಉಳಿಸಿಟ್ಟುಕೊಂಡು, ಗುರಿಯಿಡುವ ದುರ್ಬೀನಾದ ಸೈಟಿನೊಳಗೆ ಕಣ್ಣಿಟ್ಟು, ಗುಂಡು ಹಾರಿಸಿದ ಮರುಕ್ಷಣದ ಅಂಕಿಯನ್ನು ಬರೆದುಕೊಳ್ಳಿ. ಫಿರಂಗಿ ಎಬ್ಬಿಸುವ ದೂಳು ಪರದೆಯನ್ನು ಪೂರ್ತಿ ಮುಚ್ಚುತ್ತದೆ. ಒಂದರ ಮೇಲೊಂದು ಬರುವ ಆ ಅರೆಪಾರದರ್ಶಕ ಪದರಗಳನ್ನೆಲ್ಲ ಬಿಡಿಸುವಾಗಲೇ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುವುದು.

2. ಭಾರ ಯಾರ ಮೇಲಿದೆ ಎಂದು ತಿಳಿಯಿರಿ. ಪರೀಕ್ಷೆಗೆಂದು ಮಾತ್ರ ರೆಸಲ್ಯೂಷನ್ (ಚಿತ್ರದಲ್ಲಿರುವ ಪಿಕ್ಸೆಲ್, ಅಂದರೆ ಚುಕ್ಕೆಗಳ ಸಂಖ್ಯೆ) ಅನ್ನು ಅರ್ಧಕ್ಕೆ ಇಳಿಸಿ ನೋಡಿ. ಫ್ರೇಮ್ ಏರಿದರೆ ಭಾರ ಗ್ರಾಫಿಕ್ಸ್ ಕಾರ್ಡಿನದು. ಏರದಿದ್ದರೆ ಅದು ಪ್ರೊಸೆಸರಿನದು: ಶತ್ರುಗಳು ಯಾರನ್ನು ನೋಡುತ್ತಿದ್ದಾರೆ, ಎತ್ತ ಚಲಿಸಬೇಕು ಎಂಬ ಲೆಕ್ಕಾಚಾರ ಅದರ ಪಾಲಿಗೆ ಬರುತ್ತದೆ. ಆಗ ಚಿತ್ರದ ಗುಣಮಟ್ಟ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ಚಿಕ್ಕ ಕಾರ್ಯಾಚರಣೆಗಳನ್ನೇ ಆರಿಸಿಕೊಳ್ಳಬೇಕು. ಪರೀಕ್ಷೆ ಮುಗಿದ ಕೂಡಲೇ ರೆಸಲ್ಯೂಷನ್ ಅನ್ನು ಮೊದಲಿನ ಮಟ್ಟಕ್ಕೆ ತನ್ನಿ.

‘ಒಂದೇ ಕ್ಲಿಕ್ಕಿನಲ್ಲಿ ಆಟದ ವೇಗ ದುಪ್ಪಟ್ಟು’ ಎನ್ನುವ ಬೂಸ್ಟರ್ ತಂತ್ರಾಂಶಗಳ ಹತ್ತಿರವೂ ಸುಳಿಯಬೇಡಿ. ನಾನು ಹಾಕಿ ನೋಡಿದ ಒಂದು ತಂತ್ರಾಂಶ ಒಂದು ಫ್ರೇಮನ್ನೂ ಹೆಚ್ಚಿಸಲಿಲ್ಲ. ತಾನೇ ಹಿನ್ನೆಲೆಯಲ್ಲಿ ಕುಳಿತು ಮೆಮೊರಿ ತಿನ್ನುತ್ತಿತ್ತು.

3. ಮುಟ್ಟಬಾರದ ಎರಡು ಸೆಟ್ಟಿಂಗ್‌ಗಳು. ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ.

ಮೊದಲನೆಯದು ರೆಸಲ್ಯೂಷನ್. ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನಲ್ಲಿ ಕುಳಿತಿದ್ದೀರಿ ಎಂದುಕೊಳ್ಳಿ. ಅದರ ಸೈಟಿನಲ್ಲಿ ನಡುವೆ 4 ಮಿಲ್ ಅಗಲದ ದೊಡ್ಡ ತ್ರಿಕೋನ, ಅಕ್ಕಪಕ್ಕದಲ್ಲಿ 2 ಮಿಲ್‌ನ ಚಿಕ್ಕ ತ್ರಿಕೋನಗಳು. ಒಂದು ಮಿಲ್ ಎಂದರೆ ಸಾವಿರ ಮೀಟರ್ ಆಚೆ ಒಂದು ಮೀಟರ್ ಅಗಲ. ಸೋವಿಯತ್ ಟಿ-34ರ ಅಗಲ 3 ಮೀಟರ್. ಎದುರು ಮುಖವಾಗಿ ನಿಂತ ಟಿ-34 ಚಿಕ್ಕ ತ್ರಿಕೋನದ ಅಗಲಕ್ಕೆ ಸರಿಯಾಗಿ ಕೂತರೆ, 3ನ್ನು ಸಾವಿರದಿಂದ ಗುಣಿಸಿ 2ರಿಂದ ಭಾಗಿಸಿ: 1500 ಮೀಟರ್. ಗುರಿಕಾರನ ವಿದ್ಯೆಯ ತಳಪಾಯ ಈ ಭಾಗಾಕಾರ.

ಈಗ ಪರದೆಗೆ ಬನ್ನಿ. ಸೈಟಿನ ವೃತ್ತದಲ್ಲಿ ಸುಮಾರು 25 ಡಿಗ್ರಿಯಷ್ಟು ನೋಟ ಕಾಣುತ್ತದೆ, ಆ ವೃತ್ತ 1080 ಪಿಕ್ಸೆಲ್ ಎತ್ತರದ ಪರದೆಯನ್ನು ತುಂಬಿದೆ ಎಂದಿಟ್ಟುಕೊಳ್ಳೋಣ. 1500 ಮೀಟರ್ ದೂರದ ಆ ಟ್ಯಾಂಕಿಗೆ ಸಿಗುವ ಅಗಲ ಬರೀ 5 ಪಿಕ್ಸೆಲ್! ಒಂದು ಪಿಕ್ಸೆಲ್ ಕಡಿಮೆ ಎಣಿಸಿದರೂ ನಿಮ್ಮ ಲೆಕ್ಕ 1500ರಿಂದ 1875 ಮೀಟರಿಗೆ ಜಿಗಿಯುತ್ತದೆ, ಗುಂಡು ತಲೆಯ ಮೇಲೆ ಹಾದುಹೋಗುತ್ತದೆ. ರೆಸಲ್ಯೂಷನ್ 720ಕ್ಕೆ ಇಳಿಸಿದಿರೋ, ಆ ಐದೂ ಉಳಿಯುವುದಿಲ್ಲ, ಮೂರೇ ಪಿಕ್ಸೆಲ್. ಮೂರು ಚುಕ್ಕೆಗಳಲ್ಲಿ ಟ್ಯಾಂಕ್ ಯಾವುದು, ಪೊದೆ ಯಾವುದು ಎಂದು ಯಾರಿಗೂ ಗೊತ್ತಾಗದು. ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ತೋರಿಸುವ ‘ಅಪ್‌ಸ್ಕೇಲಿಂಗ್’ ಆಯ್ಕೆಗಳ ತೊಂದರೆಯೂ ಇದೇ. ಹತ್ತಿರದ ಮರ ಚೆನ್ನಾಗಿಯೇ ಕಾಣುತ್ತದೆ, ದೂರದಲ್ಲಿ ಚಲಿಸುವ ಟ್ಯಾಂಕ್ ಕಲಸಿಹೋಗುತ್ತದೆ. ಈ ಬಗೆಯ ಆಟದಲ್ಲಿ ನಾನು ಅದನ್ನು ಎಂದೂ ಬಳಸುವುದಿಲ್ಲ, ನೀವೂ ಬಳಸಬೇಡಿ.

ಎರಡನೆಯದು ನೋಟದ ದೂರ. ಇದನ್ನು ತಗ್ಗಿಸಿದರೆ ದೂರದ ದಿಣ್ಣೆಯ ಏರಿಳಿತ ಸವೆದು ಚಪ್ಪಟೆಯಾಗುತ್ತದೆ, ಪೊದೆಗಳು ಮಾಯವಾಗುತ್ತವೆ. ದಿಣ್ಣೆಯ ಹಿಂದೆ ಗೋಪುರವಷ್ಟೇ (ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ) ಕಾಣುವಂತೆ ಅಡಗಿ ನಿಲ್ಲುವುದು ಟ್ಯಾಂಕಿನವರ ಮೊದಲ ಪಾಠ. ದಿಣ್ಣೆಯೇ ಸರಿಯಾಗಿ ಕಾಣದಿದ್ದರೆ ಶತ್ರು ಎಲ್ಲಿ ಅಡಗಿರಬಹುದು ಎಂದು ಊಹಿಸುವುದಾದರೂ ಹೇಗೆ?

4. ಕತ್ತರಿ ಹಾಕಬೇಕಾದವು. ನೆರಳಿನ ಗುಣಮಟ್ಟ, ನೀರಿನ ಪ್ರತಿಬಿಂಬ, ಮೋಡ, ಹೊಗೆ ಮತ್ತು ದೂಳಿನ ಸೂಕ್ಷ್ಮತೆ. ಚಲಿಸುವಾಗ ಚಿತ್ರವನ್ನು ಮಸುಕಾಗಿಸುವ ‘ಮೋಷನ್ ಬ್ಲರ್’ ಪೂರ್ತಿ ಆಫ್. ದೂಳನ್ನು ಕಡಿಮೆ ಮಾಡಿ, ಪೂರ್ತಿ ತೆಗೆಯಬೇಡಿ. ಗುಂಡು ಹಾರಿಸಿದವನು ಎಲ್ಲಿದ್ದಾನೆಂದು ತೋರಿಸಿಕೊಡುವುದೇ ಅದು. ಆಟವನ್ನು ಬದಲಿಸಲು ಬೇರೆಯವರು ಮಾಡಿದ, ಹುಲ್ಲನ್ನು ಅಳಿಸುವ ಮಾಡ್‌ಗಳೂ ಸಿಗುತ್ತವೆ. ಫ್ರೇಮ್ ಸಿಗುವುದು ನಿಜ, ಆದರೆ ಹುಲ್ಲಿಲ್ಲದ ಬಯಲಿನಲ್ಲಿ ಹೊಂಚಿನ ಆಟವೇ ಸತ್ತುಹೋಗುತ್ತದೆ.

5. ಫ್ರೇಮಿಗೆ ಮಿತಿ ಹಾಕಿ. 30ಕ್ಕೂ 90ಕ್ಕೂ ತೂಗಾಡುವ ಆಟಕ್ಕಿಂತ 40ರಲ್ಲಿ ಅಲುಗಾಡದೆ ನಿಂತ ಆಟ ಎಷ್ಟೋ ಮೇಲು. ಸೆಕೆಂಡಿಗೆ 40 ಫ್ರೇಮ್ ಎಂದರೆ ಒಂದೊಂದು ಚಿತ್ರಕ್ಕೆ 25 ಮಿಲಿಸೆಕೆಂಡ್. ಟೈಗರ್‌ನ ಗೋಪುರ ಒಂದು ಸುತ್ತು ತಿರುಗಲು ಸುಮಾರು ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಅಂದರೆ ಸೆಕೆಂಡಿಗೆ 6 ಡಿಗ್ರಿ. ಇದಕ್ಕೆ 120 ಫ್ರೇಮಿನ ಹಟ ಬೇಕಾಗಿಲ್ಲ.

6. ನೈಜತೆಯ ಆಯ್ಕೆಗಳನ್ನು ಆನ್ ಮಾಡಿ. ಇವುಗಳನ್ನು ಆಫ್ ಮಾಡಿದರೆ ವೇಗ ಹೆಚ್ಚುತ್ತದೆಂಬುದು ತಪ್ಪು ತಿಳಿವಳಿಕೆ. ಟಿ-34ರ ಮುಂಭಾಗದ 45 ಮಿ.ಮೀ. ಕವಚ ಲಂಬದಿಂದ 60 ಡಿಗ್ರಿ ಓರೆಯಾಗಿರುವುದರಿಂದ ನೇರ ಬರುವ ಗುಂಡಿಗೆ 90 ಮಿ.ಮೀ. ಉಕ್ಕು ಅಡ್ಡ ಬರುತ್ತದೆ. ಆಟ ಈ ಲೆಕ್ಕ ಮಾಡುವುದು ಗುಂಡು ತಗುಲಿದ ಕ್ಷಣದಲ್ಲಿ ಮಾತ್ರ, ಪ್ರತಿ ಫ್ರೇಮಿನಲ್ಲಿ ಅಲ್ಲ. ಶತ್ರುವಿನ ತಲೆಯ ಮೇಲಿನ ಗುರುತು, ತಾನಾಗಿ ದೂರ ಹೇಳುವ ಅಂಕಿ, ಗುಂಡಿನ ಹಿಂದೆ ಹಾರುವ ಕ್ಯಾಮೆರಾ, ಮೂರನ್ನೂ ತೆಗೆಯಿರಿ. ‘ವಾರ್ ಥಂಡರ್’ ಆಡುವವರು ಅದರ ಸಿಮ್ಯುಲೇಟರ್ ವಿಧಾನವನ್ನೇ ಆರಿಸಿಕೊಳ್ಳಲಿ.

ಕೊನೆಗೊಂದು ಪರೀಕ್ಷೆ. 1500 ಮೀಟರ್ ದೂರದಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಸಾಗುವ ಟಿ-34ರ ಮೇಲೆ ಟೈಗರ್‌ನಿಂದ ಹಾರಿಸಿ ನೋಡಿ. 88 ಮಿ.ಮೀ. ಫಿರಂಗಿಯ ಗುಂಡು ಸೆಕೆಂಡಿಗೆ 773 ಮೀಟರ್ ವೇಗದಲ್ಲಿ ಹೊರಟರೂ ಅಲ್ಲಿಗೆ ತಲುಪಲು ಎರಡು ಸೆಕೆಂಡಿಗೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಆ ಟ್ಯಾಂಕ್ 11 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ, ತನ್ನ ಉದ್ದಕ್ಕಿಂತ ಹೆಚ್ಚು. ಅದರ ಮೂತಿಗಿಂತ ಮುಂದಿನ ಖಾಲಿ ಜಾಗಕ್ಕೆ ಗುರಿಯಿಟ್ಟು, ಒತ್ತಿ, ದೂಳಿನ ನಡುವೆ ಎರಡು ಎಣಿಸಿ. ಗುಂಡು ಬಿದ್ದ ಜಾಗ ನಿಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಂಡು, ಮುಂದಿನ ಗುಂಡನ್ನು ಎಷ್ಟು ಎಡಕ್ಕೆ, ಎಷ್ಟು ಮೇಲಕ್ಕೆ ಎಂದು ತಿದ್ದಲು ಸಾಧ್ಯವಾದರೆ ಸೆಟ್ಟಿಂಗ್‌ಗಳನ್ನು ಉಳಿಸಿ. ಕಾಣದಿದ್ದರೆ ಮೂರನೇ ಹಂತಕ್ಕೆ ಮರಳಿ.