ನಲವತ್ತರ ಮೇಲೆ ವೆಲ್ಡಿಂಗ್ ಕಲಿಯೋ ಯೋಚನೆ ಇದ್ಯಾ?

ಫೀಸ್ ಕಟ್ಟೋ ಮೊದಲು ಒಂದೇ ಒಂದು ದಿನ ಹೆಲ್ಮೆಟ್ ಹಾಕಿಕೊಂಡು ಕೆಲಸ ಮಾಡಿ ನೋಡಿ. ಬಗ್ಗಿ ಕೂತು, ಕೈ ಅಲುಗಾಡದ ಹಾಗೆ ಹಿಡಿಯಬೇಕು. ಮೊದಲು ದೂರು ಹೇಳೋದು ಸೊಂಟ, ಮಂಡಿ. ಆಮೇಲೆ ಕಣ್ಣು. ಕರಗಿದ ಲೋಹ ಮಸುಕಾಗಿ ಕಂಡರೆ ಕೈ ಸರಿಯಿಲ್ಲ ಅಂತ ಬೇಜಾರಾಗಬೇಡಿ. ಚಾಳೀಸು ಬಂದಿರುತ್ತೆ, ಅಷ್ಟೇ! ಹೆಲ್ಮೆಟ್ ಒಳಗೆ ಸಿಕ್ಕಿಸೋ ಭೂತಗನ್ನಡಿ ಸಿಗುತ್ತದೆ.

ತರಬೇತಿ ಕೇಂದ್ರಕ್ಕೆ ಹೋದರೆ ಕಟ್ಟಡ ನೋಡಬೇಡಿ, ಗುಜರಿ ಡಬ್ಬ ನೋಡಿ. ವೆಲ್ಡ್ ಮಾಡಿ ಬಿಸಾಕಿದ ತುಂಡುಗಳು ತುಂಬಿದ್ದರೆ ಅಲ್ಲಿ ನಿಜವಾಗಿ ಕಲಿಸುತ್ತಾರೆ ಅಂತ ಅರ್ಥ. ಒಂದು ಮಷಿನ್‌ಗೆ ಎಷ್ಟು ಜನ, ದಿನಕ್ಕೆ ಎಷ್ಟು ಹೊತ್ತು ಆರ್ಕ್ (ಲೋಹ ಕರಗಿಸೋ ವಿದ್ಯುತ್ ಜ್ವಾಲೆ) ಹೊತ್ತಿಸಲು ಬಿಡುತ್ತಾರೆ ಅಂತ ನೇರವಾಗಿ ಕೇಳಿ. ಹೊಗೆ ಎಳೆಯೋ ವ್ಯವಸ್ಥೆ ಇಲ್ಲದಿದ್ದರೆ ಸುಮ್ನೆ ವಾಪಸ್ ಬನ್ನಿ.

ವೆಲ್ಡಿಂಗ್‌ನಲ್ಲಿ ಮಿಗ್, ಟಿಗ್, ಸ್ಟಿಕ್ ಅಂತ ವಿಧಾನಗಳಿವೆ. ಮಿಗ್‌ನಲ್ಲಿ ತಂತಿಯನ್ನು ಮಷಿನ್ನೇ ತಳ್ಳುತ್ತದೆ, ಹಾಗಾಗಿ ಬೇಗ ಕೈಗೆ ಹತ್ತುತ್ತದೆ. ಟಿಗ್‌ಗೆ ತಾಳ್ಮೆ ಜಾಸ್ತಿ ಬೇಕು, ಎರಡೂ ಕೈಗೆ ಕೆಲಸ: ಒಂದರಲ್ಲಿ ಟಾರ್ಚ್, ಇನ್ನೊಂದರಲ್ಲಿ ತುಂಬೋ ಕಡ್ಡಿ. ನನ್ನ ಪ್ರಕಾರ ಸ್ಟಿಕ್‌ನಿಂದಲೇ (ಕರಗುತ್ತಾ ಹೋಗೋ ವೆಲ್ಡಿಂಗ್ ಕಡ್ಡಿ ಹಿಡಿದು ಮಾಡೋದು) ಶುರು ಮಾಡೋದು ಒಳ್ಳೇದು, ಕೈ ಹದಕ್ಕೆ ಬರುತ್ತದೆ. ಪೈಪ್ ಕೆಲಸದ ಆಸೆ ಇದ್ದರೆ 6ಜಿ ಪರೀಕ್ಷೆವರೆಗೂ ಕಲಿಸುತ್ತಾರಾ ವಿಚಾರಿಸಿ. ಅದರಲ್ಲಿ 45 ಡಿಗ್ರಿ ಓರೆಯಾಗಿ ನಿಲ್ಲಿಸಿದ ಪೈಪನ್ನು ತಿರುಗಿಸದೆ ಸುತ್ತಲೂ ಬೆಸೆಯಬೇಕು. ಈಗಿನ ಕೆಲಸ ಮಾತ್ರ ಈಗಲೇ ಬಿಡಬೇಡಿ, ಸಂಜೆ ಬ್ಯಾಚ್ ಇದ್ಯಾ ಕೇಳಿ.